ಹೊಲ ಕಂದಕದ ಆಚೆ, ಮಕ್ಕಳು ಈಚೆ: ಬೋರ್ನೊ ರಾಜ್ಯದ ಲೆಕ್ಕ

ಮನೆಮಠ ಬಿಟ್ಟು ಓಡಿಬಂದವರ ಬಗ್ಗೆ ಮಾತು ಬಂದಾಗಲೆಲ್ಲ ಕೇಳುಗರಿಂದ ಒಂದು ಪ್ರಶ್ನೆ ಬರುತ್ತೆ: "ವರ್ಷಗಟ್ಟಲೆ ರೇಷನ್ ಕೊಡ್ತಾ ಹೋದ್ರೆ ಅವರು ದುಡಿಯೋದು ಯಾವಾಗ?" ಕೇಳಬೇಕಾದ ಪ್ರಶ್ನೆಯೇ. ಈಶಾನ್ಯ ನೈಜೀರಿಯಾದ ಬೋರ್ನೊ ರಾಜ್ಯವನ್ನು ಮುಂದಿಟ್ಟುಕೊಂಡು ಇವತ್ತು ಉತ್ತರ ಹುಡುಕೋಣ.

2009ರಿಂದ ಬೊಕೊ ಹರಾಮ್ ಮತ್ತು ಅದರಿಂದ ಒಡೆದ ಬಣಗಳು ಅಲ್ಲಿ ಬಂದೂಕು ಹಿಡಿದಿವೆ. 2014ರಲ್ಲಿ ಚಿಬೊಕ್‌ನ ಶಾಲೆಯಿಂದ 276 ಹುಡುಗಿಯರನ್ನು ಹೊತ್ತೊಯ್ದ ಸುದ್ದಿ ನಿಮಗೆ ನೆನಪಿರಬಹುದು. ಈಶಾನ್ಯ ಭಾಗದಲ್ಲಿ ನೆಲೆ ಕಳೆದುಕೊಂಡವರು 20 ಲಕ್ಷಕ್ಕೂ ಹೆಚ್ಚು. ಇವರಲ್ಲಿ ತುಂಬಾ ಜನ ರೈತರು.

ರೈತರಾದರೆ ಬೆಳೆಯಬಹುದಲ್ಲ ಅಂತೀರಾ? ಸೇನೆಯ ಕಾವಲು ಇರೋದು ಮುಖ್ಯವಾಗಿ ಪಟ್ಟಣಗಳಿಗೆ. ಹಲವು ಪಟ್ಟಣಗಳ ಸುತ್ತ ಕಂದಕ ತೋಡಿದ್ದಾರೆ. ಹೊಲ, ಸೌದೆ ಎಲ್ಲಾ ಅದರಾಚೆ. ಆಚೆ ಹೋದರೆ ಏನಾಗಬಹುದು? 2020ರ ನವೆಂಬರ್ 28ರಂದು ರಾಜಧಾನಿ ಮೈದುಗುರಿ ಹತ್ತಿರದ ಝಬರ್ಮಾರಿ ಭಾಗದಲ್ಲಿ ಭತ್ತ ಕೊಯ್ಯುತ್ತಿದ್ದ ಕನಿಷ್ಠ 43 ಜನರನ್ನು ಕೊಂದು ಹಾಕಿದರು.

2021ರಲ್ಲಿ ರಾಜ್ಯ ಸರ್ಕಾರ ಮೈದುಗುರಿಯ ಶಿಬಿರಗಳನ್ನು ಮುಚ್ಚಲು ಶುರುಮಾಡಿತು. ನೆರವಿನ ಮೇಲೇ ಬದುಕಬಾರದು, ಊರಿಗೆ ಮರಳಲಿ ಅನ್ನೋದು ಅದರ ವಾದ. ಆದರೆ ಹೊಲದ ದಾರಿ ಎಲ್ಲೆಡೆ ಸುರಕ್ಷಿತ ಆಗಿರಲಿಲ್ಲ.

ಇದರ ಬೆಲೆ ತೆರೋದು ಮಕ್ಕಳು. ಜೂನ್‌ನಿಂದ ಸೆಪ್ಟೆಂಬರ್ ಅಲ್ಲಿ ಕಣಜ ಬರಿದಾಗುವ ಕಾಲ. ಐದು ವರ್ಷದೊಳಗಿನ ಮಗುವಿನ ತೋಳಿಗೆ ಟೇಪ್ ಸುತ್ತಿ ಅಳೀತಾರೆ. ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. ಔಷಧ ಅಂದ್ರೆ ಕಡಲೆಬೀಜ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಸೇರಿಸಿದ ಪೇಸ್ಟ್. 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲೊರಿ. ಬೇಯಿಸೋದು ಬೇಡ, ನೀರು ಬೆರೆಸೋದೂ ಬೇಡ. ಆದರೆ ವಾರಗಟ್ಟಲೆ ತಪ್ಪದೆ ಕೊಡಬೇಕು.

2025ರ ಜುಲೈನಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಎಚ್ಚರಿಕೆ ಕೊಟ್ಟಿತು: ಹಣ ಮುಗೀತಿದೆ, ಈಶಾನ್ಯದ 13 ಲಕ್ಷ ಜನರಿಗೆ ನೆರವು ನಿಲ್ಲುತ್ತೆ, ಬೋರ್ನೊ ಮತ್ತು ಯೋಬೆಯಲ್ಲಿ 150ಕ್ಕೂ ಹೆಚ್ಚು ಪೌಷ್ಟಿಕಾಂಶ ಕೇಂದ್ರಗಳು ಮುಚ್ಚುತ್ತವೆ ಅಂತ.

ನಾನು ಬಿ.ಕಾಂ ಓದಿದವನು, ಖರ್ಚು–ಆದಾಯ ಎರಡೂ ಕಾಲಂ ನೋಡೋ ಅಭ್ಯಾಸ. ರೇಷನ್ ಖರ್ಚು ಎಲ್ಲರ ಕಣ್ಣಿಗೂ ಬೀಳುತ್ತೆ. ಕಂದಕದ ಆಚೆ ಬೀಳು ಬಿದ್ದ ಹೊಲದಿಂದ ತಪ್ಪಿಹೋದ ಆದಾಯ ಯಾರ ಲೆಕ್ಕದಲ್ಲೂ ಇಲ್ಲ. ಹಾಗಾಗಿ "ಯಾವಾಗ ದುಡಿತಾರೆ" ಅನ್ನೋ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಹೊಲಕ್ಕೆ ಹೋದವರು ಸಂಜೆ ಜೀವಂತ ವಾಪಸ್ ಬರ್ತಾರೆ ಅನ್ನೋ ಖಾತ್ರಿ ಸಿಕ್ಕ ಮರುದಿನ. ಅಲ್ಲಿಯವರೆಗೆ ಆ ಪೊಟ್ಟಣ ನಿಲ್ಲಬಾರದು.