ದಂಡ ಕಟ್ಟಿದರೆ ಮುಗಿಯಿತೇ?



ಹಬ್ಬ, ನಾಟಕಗಳ ಸುದ್ದಿಯ ನಡುವೆ, ನಾವು ಸಾಮಾನ್ಯವಾಗಿ ಬಾಯಿಬಿಡದ ವಿಷಯವೊಂದನ್ನು ಈ ಸಲ ಬರೆಯುತ್ತಿದ್ದೇನೆ. ಸಂಘದ ಕೆಲಸದಲ್ಲಿರುವುದರಿಂದ ಅಪರೂಪಕ್ಕೊಮ್ಮೆ ನನಗೆ ಅಪರಾತ್ರಿಯಲ್ಲಿ ಫೋನ್ ಬರುತ್ತದೆ. ಅಂಗಡಿಯಲ್ಲಿ ಸಣ್ಣ ಕಳವಿನ ಆರೋಪ, ಕುಡಿದು ಕಾರು ಓಡಿಸಿದ್ದು, ಗಂಡ-ಹೆಂಡಿರ ಜಗಳಕ್ಕೆ ಪೊಲೀಸರು ಬಂದದ್ದು. ಕೇಳುವ ಪ್ರಶ್ನೆ ಮಾತ್ರ ಒಂದೇ: "ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಟ್ಟರೆ ಯಾರಿಗೂ ಗೊತ್ತಾಗದ ಹಾಗೆ ಮುಗಿದುಹೋಗುತ್ತಲ್ವಾ ಸಾರ್?"

ಮುಗಿಯುವುದಿಲ್ಲ. ಅಮೆರಿಕದಲ್ಲಿ ಕ್ರಿಮಿನಲ್ ಕೋರ್ಟಿನ ಲೆಕ್ಕ ಬೇರೆ, ಇಮಿಗ್ರೇಷನ್ ಲೆಕ್ಕ ಬೇರೆ. 1996ರ ಕಾನೂನಿನ ಪ್ರಕಾರ, ನೀವು ತಪ್ಪೊಪ್ಪಿಕೊಂಡು ನ್ಯಾಯಾಧೀಶರು ಏನಾದರೊಂದು ಶಿಕ್ಷೆ ಹಾಕಿದರೆ ಸಾಕು, ಕೋರ್ಟು ತೀರ್ಪನ್ನು ತಡೆಹಿಡಿದಿದ್ದರೂ ಇಮಿಗ್ರೇಷನ್‌ನವರಿಗೆ ಅದು ಅಪರಾಧ ಸಾಬೀತಾದಂತೆಯೇ. ಕಳವಿಗೆ ಒಂದು ವರ್ಷದ ಶಿಕ್ಷೆ ವಿಧಿಸಿ ಅಮಾನತಿನಲ್ಲಿಟ್ಟರೆ ಒಂದು ದಿನವೂ ಜೈಲು ಕಾಣದಿರಬಹುದು. ಆದರೂ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ರಾಜ್ಯದ ಕೋರ್ಟು ಮುಂದೆ ದಾಖಲೆ ಅಳಿಸಿದರೂ ಪೌರತ್ವದ ಅರ್ಜಿಯಲ್ಲಿ ಅದನ್ನು ಹೇಳಲೇಬೇಕು. ಇನ್ನು ನೌಕರಿಗಾಗಿ ನಡೆಯುವ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ, ಸಾಬೀತಾದ ಅಪರಾಧಕ್ಕೆ ಫೆಡರಲ್ ಕಾನೂನು ಕಾಲಮಿತಿ ಇಟ್ಟಿಲ್ಲ. ಕೆಲವು ರಾಜ್ಯಗಳು ಮಾತ್ರ ಇಟ್ಟಿವೆ.

ಹೊಸೆ ಪಡಿಯಾ ಎಂಬವರ ಮೊಕದ್ದಮೆ ಇಲ್ಲಿ ನೆನಪಾಗುತ್ತದೆ. ಹೊಂಡುರಾಸ್‌ನಲ್ಲಿ ಹುಟ್ಟಿ, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರ ಸೇವೆ ಸಲ್ಲಿಸಿ, ಇಲ್ಲಿ 40 ವರ್ಷಕ್ಕೂ ಹೆಚ್ಚು ಕಾಲ ಗ್ರೀನ್ ಕಾರ್ಡ್ ಮೇಲೆ ಬದುಕಿದವರು. ಇಷ್ಟು ವರ್ಷ ಇದ್ದೀರಿ, ಚಿಂತೆಯಿಲ್ಲ ಎಂದ ವಕೀಲರ ಮಾತು ನಂಬಿ ಕೆಂಟಕಿಯಲ್ಲಿ ಗಾಂಜಾ ಸಾಗಣೆಯ ಆರೋಪ ಒಪ್ಪಿಕೊಂಡರು. ಗಡೀಪಾರಿನ ಕತ್ತಿ ತಲೆಯ ಮೇಲೆ ಬಂತು. ತಪ್ಪೊಪ್ಪಿಗೆಯಿಂದ ಗಡೀಪಾರಾಗುವ ಅಪಾಯವಿದ್ದರೆ ವಕೀಲರು ಕಕ್ಷಿದಾರರಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟು 2010ರಲ್ಲಿ ಈ ಮೊಕದ್ದಮೆಯಲ್ಲೇ ತೀರ್ಪು ಕೊಟ್ಟಿತು.

ಆದರೆ ನಮ್ಮವರು ವಕೀಲರ ತನಕ ಹೋಗುವುದೇ ಇಲ್ಲ. "ನಾಲ್ಕು ಜನಕ್ಕೆ ಗೊತ್ತಾದರೆ?" ಎಂಬ ಭಯ. ಮರ್ಯಾದೆಗೆ ಅಂಜಿ ಅವಸರದಲ್ಲಿ ಹಾಕಿದ ಒಂದು ಸಹಿ, ವೀಸಾ, ಮನೆ, ಮಕ್ಕಳ ಶಾಲೆ ಎಲ್ಲವನ್ನೂ ಅಲುಗಾಡಿಸಬಲ್ಲದು.

ನಾನು ವಕೀಲನಲ್ಲ. ನನ್ನ ವಿನಂತಿ ಇಷ್ಟೇ: ಯಾವುದನ್ನೇ ಒಪ್ಪಿಕೊಳ್ಳುವ ಮೊದಲು ಇಮಿಗ್ರೇಷನ್ ಬಲ್ಲ ವಕೀಲರನ್ನು ಕೇಳಿ. ಕೋರ್ಟಿನ ಕಾಗದಗಳ ದೃಢೀಕೃತ ಪ್ರತಿ ಜೋಪಾನವಾಗಿಡಿ. ಊರಿಗೆ ಟಿಕೆಟ್ ತೆಗೆಸುವ ಮುಂಚೆಯೂ ವಿಚಾರಿಸಿ. ಕಾಲೇಜಿಗೆ ಬಂದಿರುವ ಮಕ್ಕಳಿಗೂ ಇದನ್ನು ಹೇಳಿ. ಮತ್ತೆ, ಅಂಥ ಮನೆಯವರು ಸಂಘದ ಊಟಕ್ಕೆ ಬಂದಾಗ ಪಕ್ಕದಲ್ಲೇ ಕೂತು ಮಾತಾಡಿಸಿ.


ನಿಮ್ಮ ಸಂಘದ ಕಾರ್ಯಕರ್ತ