ಕ್ರಿಸ್ಮಸ್ ಉಡುಗೊರೆಗೆ ಡಿಜಿಟಲ್ ಫೋಟೋ ಫ್ರೇಮ್: ಕೊಳ್ಳುವ ಮುನ್ನ ಕೆಲವು ಮಾತು

ಕ್ರಿಸ್ಮಸ್ ಹತ್ತಿರ ಬಂದಂತೆ ಗಲ್ಫ್, ಇಸ್ರೇಲ್, ಕೆನಡಾ ಮೊದಲಾದ ಕಡೆ ದುಡಿಯುತ್ತಿರುವ ನಮ್ಮ ಧರ್ಮಕೇಂದ್ರಗಳ ಮಕ್ಕಳು ಊರಿನ ಹಿರಿಯರಿಗೆ ಏನು ತರುವುದೆಂದು ಯೋಚಿಸತೊಡಗುತ್ತಾರೆ. ಹಿಂದೆ ಟೇಪ್ ರೆಕಾರ್ಡರ್, ಕಂಬಳಿ, ಟಾರ್ಚ್, ನೋವಿನ ಮುಲಾಮು ಬರುತ್ತಿದ್ದವು. ಈಗ ಆ ಸಾಲಿಗೆ ಡಿಜಿಟಲ್ ಫೋಟೋ ಫ್ರೇಮ್ ಸೇರಿದೆ. ಇದನ್ನು ಕೊಡಬಹುದೇ, ಯಾವುದನ್ನು ಕೊಡಬೇಕು ಎಂದು ಹಲವರು ಕೇಳಿದ್ದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಇದು ಹೊಸ ವಸ್ತುವೇನೂ ಅಲ್ಲ. ಫೋನ್ ತಂತಿಯ ಮೂಲಕ ರಾತ್ರಿ ಹೊತ್ತು ಚಿತ್ರಗಳನ್ನು ತರಿಸಿಕೊಳ್ಳುತ್ತಿದ್ದ ಸೀವಾ ಎಂಬ ಫ್ರೇಮ್ ಅಮೆರಿಕದಲ್ಲಿ 2000ದಲ್ಲೇ ಮಾರಾಟಕ್ಕೆ ಬಂದಿತ್ತು. ಇಂದಿನವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದಕ್ಕೆ ಪೆನ್ ಡ್ರೈವ್ ಅಥವಾ ಮೆಮೊರಿ ಕಾರ್ಡ್ ಚುಚ್ಚಿದರೆ ಸಾಕು, ಅದರಲ್ಲಿರುವ ಚಿತ್ರಗಳು ಒಂದಾದ ಮೇಲೊಂದು ಮೂಡುತ್ತವೆ. ಇನ್ನೊಂದು ವೈಫೈ ಮೂಲಕ ನಡೆಯುವಂಥದ್ದು. ದುಬೈಯಲ್ಲಿರುವ ಮಗಳು ತನ್ನ ಮೊಬೈಲಿನ ಆಪ್‌ನಿಂದ ಕಳುಹಿಸಿದ ಚಿತ್ರ ಸ್ವಲ್ಪ ಹೊತ್ತಿನಲ್ಲೇ ಅಮ್ಮನ ಮನೆಯ ಫ್ರೇಮಿನಲ್ಲಿ ಕಾಣಿಸುತ್ತದೆ. ಅಮ್ಮ ಏನನ್ನೂ ಒತ್ತಬೇಕಾಗಿಲ್ಲ.

ವಾಟ್ಸಾಪ್ ಇರುವಾಗ ಇದೇಕೆ ಎಂದು ಕೇಳಬಹುದು. ಕಣ್ಣಿನ ಪೊರೆ ಬಂದವರಿಗೆ, ಕೈ ನಡುಗುವವರಿಗೆ ಮೊಬೈಲಿನಲ್ಲಿ ಚಿತ್ರ ಹುಡುಕುವುದು ಸುಲಭವಲ್ಲ. ಮೊಮ್ಮಗುವಿನ ಫೋಟೋ ಬಂದ ಮರುದಿನವೇ ನೂರು 'ಶುಭೋದಯ'ಗಳ ಕೆಳಗೆ ಹೂತುಹೋಗಿರುತ್ತದೆ.

ಸಿದ್ಧಗಂಗಾ ಮಠಕ್ಕೂ ತಟ್ಟೆ ಇಡ್ಲಿಗೂ ಹೆಸರಾದ ತುಮಕೂರಿನ ಕ್ಯಾತ್ಸಂದ್ರದಲ್ಲಿ ಕರಾವಳಿಯಿಂದ ಹೋಗಿ ನೆಲೆಸಿದ ಒಂದು ಕುಟುಂಬ ನಮಗೆ ಪರಿಚಯ. ಯಜಮಾನರು ತೀರಿಕೊಂಡಿದ್ದಾರೆ. ಮಗ ಬೆಂಗಳೂರಿನಲ್ಲಿ, ಸುಮಾರು 65 ಕಿ.ಮೀ. ದೂರದಲ್ಲಿ, ಮಗಳು ದುಬೈಯಲ್ಲಿ. ಮಗಳು ರಜೆಗೆ ಬಂದವಳು ಹತ್ತಿಂಚಿನ ವೈಫೈ ಫ್ರೇಮ್ ತಂದಳು. ಮೊದಲ ತೊಡಕು ಪ್ಲಗ್‌ನದು: ಅಲ್ಲಿಯ ಚಪ್ಪಟೆ ಮೂರು ಕಡ್ಡಿ ನಮ್ಮ ಸಾಕೆಟ್ಟಿಗೆ ಕೂರುವುದಿಲ್ಲ. ಎರಡನೆಯದು ದೊಡ್ಡದು. ಅಮ್ಮನ ಮನೆಯಲ್ಲಿ ವೈಫೈಯೇ ಇರಲಿಲ್ಲ, ಇದ್ದದ್ದು ಮೊಬೈಲಿನ ಡೇಟಾ ಮಾತ್ರ. ಮಗ ಬಂದು ಇಂಟರ್ನೆಟ್ ಹಾಕಿಸಿಕೊಟ್ಟ.

ಕಷ್ಟ ಆಮೇಲೆ ಬಂತು. ಮಗಳು ತನ್ನ ಮೊಬೈಲಿನಲ್ಲಿದ್ದ ಚಿತ್ರಗಳನ್ನೆಲ್ಲ ಆರಿಸದೆ ಒಟ್ಟಿಗೆ ಕಳುಹಿಸಿದ್ದಳು. ಅವುಗಳಲ್ಲಿ ತಂದೆಯ ಕೊನೆಯ ದಿನಗಳವೂ ಇದ್ದವು: ಆಸ್ಪತ್ರೆಯ ಹಾಸಿಗೆ, ಮೂಗಿಗೆ ನಳಿಕೆ. ಅಡುಗೆಮನೆಯಿಂದ ಹೊರಬಂದ ತಾಯಿಗೆ ಎದುರಿಗೆ ಅದೇ ಚಿತ್ರ. ಅವರು ಫ್ರೇಮನ್ನು ಗೋಡೆಗೆ ಮುಖ ಮಾಡಿ ಇಟ್ಟರು. ಮಗಳಿಗೆ ನೋವಾಗಬಾರದೆಂದು ಹೇಳಲೂ ಇಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಚೆನ್ನಾಗಿ ಬರುತ್ತಿದೆ ಎಂದೇ ಉತ್ತರ. ಮಗನಿಗೆ ವಿಷಯ ತಿಳಿದದ್ದು ತಿಂಗಳುಗಳ ನಂತರ.

ಆಲ್ಬಮ್ಮನ್ನು ನಮಗೆ ಬೇಕಾದಾಗ ತೆರೆಯುತ್ತೇವೆ, ಬೇಡವಾದ ಪುಟವನ್ನು ದಾಟಿಸುತ್ತೇವೆ. ಫ್ರೇಮಿಗೆ ಆ ದಾಕ್ಷಿಣ್ಯ ಗೊತ್ತಿಲ್ಲ. ಆದುದರಿಂದ ಯಾವ ಚಿತ್ರ ಇರಬೇಕು, ಯಾವುದು ಬೇಡ ಎಂಬುದನ್ನು ಮನೆಯ ಹಿರಿಯರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಆರಿಸಬೇಕೆಂಬುದು ನಮ್ಮ ಅಭಿಪ್ರಾಯ. ತೀರಿಹೋದವರ ಚಿತ್ರ ಬೇಡವೇ ಬೇಡ ಎಂದು ನಾವು ಹೇಳುವುದಿಲ್ಲ. ಆ ತಾಯಿಯೂ ಹಾಗೆ ಹೇಳಲಿಲ್ಲ. ರೋಸ್ ದಿನ ಎಣ್ಣೆ ಮೆತ್ತಿಕೊಂಡು ನಗುತ್ತಿದ್ದ ಗಂಡನ ಹಳೆಯ ಕಪ್ಪು ಬಿಳುಪು ಫೋಟೋ ಇರಲಿ ಎಂದು ಅವರೇ ಪೆಟ್ಟಿಗೆಯಿಂದ ತೆಗೆದುಕೊಟ್ಟರು.

ಚಿತ್ರಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದೊಂದು ಚಿತ್ರ 30 ಸೆಕೆಂಡ್ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಸಾವಿರ ಚಿತ್ರಗಳು ಒಂದು ಸುತ್ತು ಬರಲು 8 ಗಂಟೆ 20 ನಿಮಿಷ ಬೇಕು. ಹೊಸ ಮೊಮ್ಮಗು ದಿನಕ್ಕೆ ಒಂದೆರಡು ಸಲ ಕಂಡರೆ ಹೆಚ್ಚು. ಇನ್ನೂರು ಚಿತ್ರಗಳಿದ್ದರೆ ಸುತ್ತು 100 ನಿಮಿಷಕ್ಕೆ ಮುಗಿಯುತ್ತದೆ. ಹತ್ತಿಂಚಿನ ಫ್ರೇಮ್‌ಗಳಲ್ಲಿ ಬಹಳಷ್ಟು 1280×800 ಪಿಕ್ಸೆಲ್‌ನವು. ಹಾಗಾಗಿ ವಾಟ್ಸಾಪಿನಲ್ಲಿ ಕುಗ್ಗಿ ಬಂದ ಚಿತ್ರವೂ ಇದಕ್ಕೆ ಸಾಕಾಗುತ್ತದೆ. ಪ್ರಿಂಟ್ ಹಾಕಿಸುವುದಾದರೆ ಮಾತ್ರ ಮೂಲಪ್ರತಿ ಕೇಳಿ ಪಡೆಯಿರಿ. ಇನ್ನೊಂದು ಮಾತು: ಫ್ರೇಮ್ ಅಡ್ಡಲಾಗಿರುತ್ತದೆ, ನಾವು ಮೊಬೈಲನ್ನು ಉದ್ದಕ್ಕೆ ಹಿಡಿಯುತ್ತೇವೆ. ಆಗ ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಇಲ್ಲವೇ ಅಜ್ಜನ ತಲೆ ಕತ್ತರಿಸಿಹೋಗುತ್ತದೆ. ಫ್ರೇಮಿಗಾಗಿ ತೆಗೆಯುವಾಗ ಮೊಬೈಲನ್ನು ಅಡ್ಡ ಹಿಡಿಯಲು ಮಕ್ಕಳಿಗೆ ಹೇಳಿ.

ವಿದ್ಯುತ್ ಖರ್ಚಿನ ಬಗ್ಗೆ ಹಿರಿಯರಿಗೆ ಚಿಂತೆ ಇರುತ್ತದೆ. 10 ವಾಟ್‌ನ ಫ್ರೇಮ್ ದಿನಕ್ಕೆ 12 ಗಂಟೆ ಉರಿದರೂ ತಿಂಗಳಿಗೆ ನಾಲ್ಕು ಯೂನಿಟ್ ಆಗುವುದಿಲ್ಲ.

ವೈಫೈ ಫ್ರೇಮೇ ಬೇಕೆಂದಿದ್ದರೂ ಕಾರ್ಡ್ ಅಥವಾ ಪೆನ್ ಡ್ರೈವ್ ಹಾಕುವ ಜಾಗವಿರುವುದನ್ನೇ ಕೊಳ್ಳಿರಿ. ಇಂಟರ್ನೆಟ್ ಸೇವೆಗಳು ನಿಂತುಹೋಗುತ್ತವೆ. ಅನೇಕರು ಚಿತ್ರ ಜೋಡಿಸಿಟ್ಟಿದ್ದ ಆರ್ಕುಟ್ 2014ರಲ್ಲಿ, ಪಿಕಾಸಾ 2016ರಲ್ಲಿ ಮುಚ್ಚಿದವು. ಫ್ರೇಮ್ ಕಂಪನಿ ಬಾಗಿಲು ಹಾಕಿದರೂ ಕಾರ್ಡಿನಿಂದ ಚಿತ್ರ ನೋಡಬಹುದು. ಹಲವು ಫ್ರೇಮ್‌ಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ, ರೂಟರ್ ಹಾಕುವವರಿಗೆ ಇದನ್ನು ಮೊದಲೇ ತಿಳಿಸುವುದು ಒಳಿತು. ಚಿತ್ರ ಕಳುಹಿಸಲು ಬೇಕಾದ ಗುಟ್ಟಿನ ಸಂಖ್ಯೆಯನ್ನು ಮನೆಯವರಿಗಷ್ಟೇ ಕೊಡಿ. ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಯಾರು ಬೇಕಾದರೂ ಏನು ಬೇಕಾದರೂ ಕಳುಹಿಸಿಯಾರು.

ಫ್ರೇಮ್ ಕೊಟ್ಟಲ್ಲಿಗೆ ಕೆಲಸ ಮುಗಿಯುವುದಿಲ್ಲ. ಇಂಟರ್ನೆಟ್ ರೀಚಾರ್ಜ್ ಯಾರು ಮಾಡಿಸಬೇಕು, ಹೊಸ ಚಿತ್ರ ಯಾರು ಕಳುಹಿಸಬೇಕು ಎಂಬುದು ಮಕ್ಕಳ ನಡುವೆ ಮೊದಲೇ ತೀರ್ಮಾನವಾಗಲಿ. ಕ್ರಿಸ್ಮಸ್ಸಿಗೆ ಹಾಕಿದ ಚಿತ್ರಗಳೇ ಮೊಂತಿ ಹಬ್ಬದವರೆಗೂ ತಿರುಗುತ್ತಿದ್ದರೆ ನೋಡುವವರಿಗೆ ಏನನಿಸೀತು? ಕ್ಯಾತ್ಸಂದ್ರದ ಮನೆಯಲ್ಲಿ ಈಗ ಮಗಳು ಶನಿವಾರಕ್ಕೊಂದು ಚಿತ್ರ ಕಳುಹಿಸುತ್ತಾಳೆ, ಭಾನುವಾರ ಫೋನ್ ಮಾಡುತ್ತಾಳೆ. ಮಾತು ಆ ಚಿತ್ರದಿಂದಲೇ ಶುರುವಾಗುತ್ತದೆಯಂತೆ.

ಯುವಜನ ಸಂಘಟನೆಯವರಿಗೆ ಒಂದು ಕೋರಿಕೆ. ಹಿರಿಯರ ಪೆಟ್ಟಿಗೆಯಲ್ಲಿರುವ ಹಳೆಯ ಫೋಟೋಗಳನ್ನು ಈ ರಜೆಯಲ್ಲಿ ಸ್ಕ್ಯಾನ್ ಮಾಡಿಕೊಡಬಹುದು. ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲೇ ಸಾಕು, ಕಿಟಕಿಯ ಬೆಳಕಿನಲ್ಲಿ, ಹೊಳಪು ಬೀಳದಂತೆ ತೆಗೆಯಿರಿ. ಆಲ್ಬಮ್ಮಿಗೆ ಅಂಟಿಕೊಂಡದ್ದನ್ನು ಎಳೆದು ಕೀಳಬೇಡಿ, ಇದ್ದಲ್ಲೇ ತೆಗೆಯಿರಿ. ಚಿತ್ರದಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಆಗಲೇ ಕೇಳಿ ಬರೆದುಕೊಳ್ಳಿ. ಫೋಟೋದ ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ; ಬಾಲ್ ಪೆನ್ನಿನ ಗೆರೆ ಮುಂದಿನ ಮುಖದ ಮೇಲೆ ಮೂಡುತ್ತದೆ.