ಎರಡು ವರ್ಷದ ಕಾನೂನು ಓದು ಎಲ್ಲಿಯವರೆಗೆ?

ಅಮೆರಿಕದಲ್ಲಿ ವಕೀಲರಾಗಲು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ, ಅದರ ಮೇಲೆ ಮೂರು ವರ್ಷದ ಲಾ ಸ್ಕೂಲು, ಆಮೇಲೆ ಬಾರ್ ಪರೀಕ್ಷೆ. ಇದರ ಪಕ್ಕದಲ್ಲೇ ಇನ್ನೊಂದು ಸಣ್ಣ ದಾರಿಯಿದೆ. ಊರೂರಿನ ಕಮ್ಯುನಿಟಿ ಕಾಲೇಜುಗಳಲ್ಲಿ ಎರಡು ವರ್ಷ, ಸುಮಾರು 60 ಕ್ರೆಡಿಟ್ ಓದಿ ಅಸೋಸಿಯೇಟ್ ಪದವಿ ಪಡೆದು ಪ್ಯಾರಾಲೀಗಲ್ ಆಗುವುದು. ಇದು ವಕೀಲಿಕೆಯ ಅರ್ಧ ಓದಲ್ಲ, ಬೇರೆಯದೇ ಕಸುಬು. ನಮ್ಮ ವಕೀಲರ ಗುಮಾಸ್ತರು ಕಚೇರಿಯಲ್ಲೇ ಪಳಗಿ ಕಲಿಯುವುದನ್ನು ಅಲ್ಲಿ ತರಗತಿಯಲ್ಲಿ ಕಲಿಸುತ್ತಾರೆ, ಇನ್ನೂ ಮುಂದೆ ಹೋಗಿ ತೀರ್ಪುಗಳನ್ನು ಹುಡುಕುವುದು, ಅರ್ಜಿಯ ಕರಡು ಬರೆಯುವುದು, ಸಾಕ್ಷ್ಯದ ದಾಖಲೆ ಜೋಡಿಸುವುದನ್ನೂ ಹೇಳಿಕೊಡುತ್ತಾರೆ. ಆದರೆ ಕಕ್ಷಿದಾರನಿಗೆ ಸಲಹೆ ಕೊಡುವಂತಿಲ್ಲ, ಫೀಸು ನಿಗದಿ ಮಾಡುವಂತಿಲ್ಲ, ಕೋರ್ಟಿನಲ್ಲಿ ವಾದಿಸುವಂತಿಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಂತೆ, ಗೊತ್ತುಪಡಿಸಿದ ಓದು ಅಥವಾ ಅನುಭವವಿಲ್ಲದೆ, ವಕೀಲರ ಉಸ್ತುವಾರಿಯಿಲ್ಲದೆ ತಾನು ಪ್ಯಾರಾಲೀಗಲ್ ಎಂದು ಹೇಳಿಕೊಳ್ಳುವುದೇ ತಪ್ಪು.

ಹೀಗಾಗಿ ಈ ಪದವಿಯ ಬೆಲೆಯನ್ನು ಪಠ್ಯಕ್ರಮ ನೋಡಿ ಅಳೆದರೆ ಸಾಲದು. ಓದಿದವರಿಗೆ ರಾಜ್ಯ ಏನು ಮಾಡಲು ಬಿಡುತ್ತದೆ ಎಂಬುದೇ ಅದನ್ನು ತೀರ್ಮಾನಿಸುತ್ತದೆ. ವಾಷಿಂಗ್ಟನ್ ರಾಜ್ಯದ ಪ್ರಯೋಗವನ್ನೇ ನೋಡಿ. ವಕೀಲರ ಫೀಸು ಕೊಡಲಾಗದೆ ವಿಚ್ಛೇದನ, ಮಕ್ಕಳ ಪಾಲನೆಯಂಥ ಪ್ರಕರಣಗಳಲ್ಲಿ ಒಂಟಿಯಾಗಿ ನಿಲ್ಲುವವರಿಗಾಗಿ ಅಲ್ಲಿನ ಸುಪ್ರೀಂ ಕೋರ್ಟು 2012ರಲ್ಲಿ ಹೊಸ ಪರವಾನಗಿ ತಂದಿತು. ಕನಿಷ್ಠ ಅಸೋಸಿಯೇಟ್ ಪದವಿ, ಜೊತೆಗೆ ಹೆಚ್ಚಿನ ಕಾನೂನು ಓದು, ಸಾವಿರಾರು ಗಂಟೆಗಳ ಅನುಭವ, ಪರೀಕ್ಷೆ. ಇಷ್ಟೆಲ್ಲ ಮುಗಿಸಿದವರು ಕೌಟುಂಬಿಕ ಪ್ರಕರಣಗಳಲ್ಲಿ ವಕೀಲರ ಉಸ್ತುವಾರಿಯಿಲ್ಲದೆ ತಾವೇ ಸಲಹೆ ಕೊಡಬಹುದಿತ್ತು. ಆದರೆ ಆರಂಭದಲ್ಲಿ ಕೋರ್ಟಿನೊಳಗೆ ಕಕ್ಷಿದಾರನ ಪರ ಮಾತಾಡುವ ಹಕ್ಕು ಇರಲಿಲ್ಲ. ಏಣಿ ಉದ್ದ, ಮೇಲೆ ಹತ್ತಿದರೆ ಜಾಗ ಚಿಕ್ಕದು. ಹತ್ತಿದವರು ಕೆಲವೇ ಮಂದಿ. ಖರ್ಚು ಹೆಚ್ಚು, ಆಸಕ್ತರು ಕಡಿಮೆ ಎಂಬ ಕಾರಣ ಕೊಟ್ಟು ಅದೇ ಕೋರ್ಟು 2020ರಲ್ಲಿ ಯೋಜನೆಯನ್ನು ನಿಲ್ಲಿಸಲು ತೀರ್ಮಾನಿಸಿತು. ಅದೇ ವರ್ಷ ಅರಿಜೋನಾ ಇದೇ ಬಗೆಯ ಪರವಾನಗಿಗೆ ಒಪ್ಪಿಗೆ ಕೊಟ್ಟು, ಕೌಟುಂಬಿಕ ಮತ್ತು ಕೆಲವು ಸಿವಿಲ್ ಪ್ರಕರಣಗಳಲ್ಲಿ ಕೋರ್ಟಿಗೆ ಹಾಜರಾಗುವ ಹಕ್ಕನ್ನೂ ಅದಕ್ಕೆ ಸೇರಿಸಿತು.

ಅರ್ಧ ಕಲಿತವರ ಕೈಗೆ ಜನರ ಬದುಕು ಕೊಡಬಹುದೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಮಗು ಯಾರ ಬಳಿ ಇರಬೇಕೆಂಬ ಅರ್ಜಿಯಲ್ಲಿ ಒಂದು ತಪ್ಪು ನಡೆದರೆ ಅದನ್ನು ತಿದ್ದಲು ವರ್ಷಗಳು ಬೇಕಾಗಬಹುದು. ಆದರೆ ಹೋಲಿಕೆ ನುರಿತ ವಕೀಲರ ಜೊತೆಗಲ್ಲ, ಯಾರ ನೆರವೂ ಇಲ್ಲದೆ ಫಾರಂ ತುಂಬುವವರ ಸ್ಥಿತಿಯ ಜೊತೆಗೆ ಆಗಬೇಕು. ವ್ಯಾಪ್ತಿಯನ್ನು ಕಿರಿದಾಗಿಟ್ಟು, ಪರೀಕ್ಷೆ ಮತ್ತು ಶಿಸ್ತುಕ್ರಮಗಳನ್ನು ಬಿಗಿ ಮಾಡುವುದು ಆ ಆತಂಕಕ್ಕೆ ಪರಿಹಾರ, ಬಾಗಿಲು ಮುಚ್ಚುವುದಲ್ಲ. ದಾಖಲೆ ಶೋಧಿಸುವ, ಕರಡು ಬರೆಯುವ ಕೆಲಸವನ್ನು ಈಗ ಯಂತ್ರವೇ ಮಾಡುತ್ತದಲ್ಲ ಎಂಬ ಮಾತಿನಲ್ಲಿ ಹೆಚ್ಚು ನಿಜವಿದೆ. ವಕೀಲರ ಕಚೇರಿಯ ಹಿಂಬದಿಯಲ್ಲಷ್ಟೇ ಉಳಿಯುವ ಪ್ಯಾರಾಲೀಗಲ್‌ಗಳಿಗೆ ಅದರ ಬಿಸಿ ಮೊದಲು ತಟ್ಟುತ್ತದೆ. ಎದುರು ಕೂತು ಕಕ್ಷಿದಾರನ ಗೊಂದಲ ಬಿಡಿಸುವ, ತನ್ನ ಸಲಹೆಗೆ ತಾನೇ ಹೊಣೆ ಹೊರುವ ಕೆಲಸ ಅಷ್ಟು ಸುಲಭಕ್ಕೆ ಕೈತಪ್ಪುವುದಿಲ್ಲ. ಪರವಾನಗಿಯ ವಾದ ಇದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ.

ಹಣದ ಲೆಕ್ಕವೂ ಇದೆ. 2024ರಲ್ಲಿ ಅಲ್ಲಿ ಪ್ಯಾರಾಲೀಗಲ್‌ಗಳ ಮಧ್ಯಮ ಮಟ್ಟದ (ಮೀಡಿಯನ್) ವಾರ್ಷಿಕ ಸಂಬಳ ಸುಮಾರು 61,000 ಡಾಲರ್, ವಕೀಲರದ್ದು 1,51,000 ಡಾಲರ್. ದೊಡ್ಡ ಕಚೇರಿಗಳು ನಾಲ್ಕು ವರ್ಷದ ಪದವಿಯನ್ನೇ ಕೇಳುವುದೂ ಉಂಟು. ಆದ್ದರಿಂದ ಸೇರುವವರು ಕೋರ್ಸಿಗೆ ಅಮೆರಿಕನ್ ಬಾರ್ ಅಸೋಸಿಯೇಷನ್ ಮಾನ್ಯತೆ ಇದೆಯೇ, ಮುಂದೆ ಓದಲು ಕ್ರೆಡಿಟ್‌ಗಳು ವಿಶ್ವವಿದ್ಯಾಲಯಕ್ಕೆ ವರ್ಗವಾಗುತ್ತವೆಯೇ ಎಂದು ಮೊದಲು ವಿಚಾರಿಸಬೇಕು. ಅದಕ್ಕೂ ಮುಂಚೆ, ತಾವು ನೆಲೆಸಲಿರುವ ರಾಜ್ಯ ಅರಿಜೋನಾದ ದಾರಿ ಹಿಡಿದಿದೆಯೋ ಕ್ಯಾಲಿಫೋರ್ನಿಯಾದ ದಾರಿಯಲ್ಲಿದೆಯೋ ನೋಡಿಕೊಳ್ಳಬೇಕು.